ಯೂಟಾದ 89ನೇ ಹೆದ್ದಾರಿ: ಮೊದಲ ನೆಲೆಗಾರರ ಊರುಗಳನ್ನು ನಿಂತು ನೋಡಲು ಒಂದು ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ, ಮಕ್ಕಳ ಮನೆಗೆಂದು ಊರಿನಿಂದ ಬಂದ ತಂದೆತಾಯಿಗಳೂ ಯೂಟಾ ರಾಜ್ಯಕ್ಕೆ ಹೋದಾಗ ಸಾಮಾನ್ಯವಾಗಿ ಜಯಾನ್ ಮತ್ತು ಬ್ರೈಸ್ ಕಣಿವೆಗಳನ್ನು ನೋಡಿ ಮರಳುತ್ತಾರೆ. ಈ ಎರಡು ಕಣಿವೆಗಳ ಪಕ್ಕದಲ್ಲೇ ಸಾಗುವ 89ನೇ ಹೆದ್ದಾರಿಯ ಊರುಗಳಲ್ಲಿ ನೋಡುವಂಥದ್ದು ಏನಿದೆ, ಎಲ್ಲಿ ನಿಲ್ಲಬೇಕು, ಎಷ್ಟು ದಿನ ಬೇಕು ಎಂಬ ಪ್ರಶ್ನೆಗಳು ಓದುಗರಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ದಾರಿಯ ಸೊಗಸು ಕೆಂಪು ಬಂಡೆಗಳಲ್ಲಿ ಎಷ್ಟಿದೆಯೋ, ಬಿಳಿ ಸುಣ್ಣಕಲ್ಲಿನ ಹಳೆಯ ಮನೆಗಳಲ್ಲಿ, ಬೀದಿಯ ಅಂಚಿನ ನೀರಿನ ಕಾಲುವೆಗಳಲ್ಲಿ, ಊರಾಚೆಯ ಸ್ಮಶಾನಗಳಲ್ಲಿಯೂ ಅಷ್ಟೇ ಇದೆ. ಅವನ್ನು ಕಾಣಲು ಕಾರಿನಿಂದ ಇಳಿದು ನಡೆಯಬೇಕು.

ಹಿನ್ನೆಲೆಯನ್ನು ಚಿಕ್ಕದಾಗಿ ತಿಳಿದುಕೊಳ್ಳಿ. ಬ್ರಿಗಮ್ ಯಂಗ್ ಅವರ ನೇತೃತ್ವದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು 1847ರ ಜುಲೈ 24ರ ಹೊತ್ತಿಗೆ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದರು. 1869ರಲ್ಲಿ ರೈಲು ಬರುವವರೆಗೆ ಸುಮಾರು 70,000 ಜನರು ಗಾಡಿಗಳಲ್ಲಿಯೂ ಕೈಗಾಡಿಗಳನ್ನು ಎಳೆದುಕೊಂಡೂ ಅದೇ ಹಾದಿಯಲ್ಲಿ ಬಂದರು. ಹಾಗೆ ಬಂದವರನ್ನು ಇಲ್ಲಿನವರು ‘ಪಯೋನಿಯರ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ‘ಮೊದಲ ನೆಲೆಗಾರರು’ ಎಂದಾಗ ನನ್ನ ಮನಸ್ಸಿನಲ್ಲಿರುವವರು ಅವರೇ. ಆದರೆ ಅವರಿಗಿಂತ ಬಹಳ ಮೊದಲೇ ಯೂಟ್ ಮತ್ತು ಪೈಯೂಟ್ ಜನರು ಇದೇ ನೆಲದಲ್ಲಿ ಬಾಳುತ್ತಿದ್ದರು, ಹಾಗಾಗಿ ‘ಮೊದಲ’ ಎಂಬ ಮಾತನ್ನು ಎಚ್ಚರದಿಂದ ಓದಿಕೊಳ್ಳಬೇಕು. ಹೆದ್ದಾರಿಯ ಫೇರ್‌ವ್ಯೂ ಊರಿನಿಂದ ದಕ್ಷಿಣದ ಕನಾಬ್‌ವರೆಗಿನ ಭಾಗವನ್ನೂ, ಅದಕ್ಕೆ ಕೂಡಿಕೊಳ್ಳುವ 12 ಮತ್ತು 24ನೇ ರಾಜ್ಯ ಹೆದ್ದಾರಿಗಳ ಸೀಮೆಯನ್ನೂ ಅಮೆರಿಕದ ಸಂಸತ್ತು 2006ರಲ್ಲಿ ರಾಷ್ಟ್ರೀಯ ಪರಂಪರಾ ಪ್ರದೇಶವೆಂದು ಘೋಷಿಸಿತು. ಪರಂಪರಾ ಪ್ರದೇಶ ಬೇಲಿಯೊಳಗಿನ ಉದ್ಯಾನವನವಲ್ಲ. ಜನ ಇಂದಿಗೂ ವಾಸಿಸುತ್ತಿರುವ ಊರುಗಳೇ ಅದರ ಒಡಲು. ಅದಕ್ಕೆ ದ್ವಾರವೂ ಇಲ್ಲ, ಟಿಕೆಟ್ಟೂ ಇಲ್ಲ.

ಹೊರಡುವ ಮುನ್ನ ಬೇಕಾದವು

ಸಾಲ್ಟ್ ಲೇಕ್ ಸಿಟಿಯಿಂದ ಕನಾಬ್‌ವರೆಗೆ ನೇರ ದಾರಿ ಸುಮಾರು 500 ಕಿ.ಮೀ.; ಒಂದೇ ದಿನದಲ್ಲಿ ಓಡಿಸಿ ಮುಗಿಸಬಹುದು, ಆದರೆ ಹಾಗೆ ಮಾಡಿದರೆ ಏನನ್ನೂ ನೋಡಿದಂತಾಗುವುದಿಲ್ಲ. ಕೆಳಗೆ ಹೇಳಿರುವ ಸುತ್ತುದಾರಿಗೆ ಆರು ದಿನ ಇಟ್ಟುಕೊಳ್ಳಿ. ಸ್ವಂತ ಅಥವಾ ಬಾಡಿಗೆಯ ಕಾರು ಅನಿವಾರ್ಯ, ಏಕೆಂದರೆ ಈ ಊರುಗಳನ್ನು ಒಂದಕ್ಕೊಂದು ಜೋಡಿಸುವ ಬಸ್ಸುಗಳನ್ನು ನಂಬಿಕೊಂಡು ಹೊರಡುವಂತಿಲ್ಲ. ಭಾರತದ ಪರವಾನಗಿಯಲ್ಲಿ ಕಾರು ಓಡಿಸುವವರು ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮೊಬೈಲ್ ಸಂಕೇತ ಹಲವು ಕಡೆ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಕಾಗದದ ನಕ್ಷೆಯೊಂದನ್ನೂ ಇಟ್ಟುಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿಕೊಳ್ಳಿ.

ಈ ಊರುಗಳು ಎತ್ತರದ ಪ್ರದೇಶದಲ್ಲಿವೆ. ಪ್ಯಾಂಗ್ವಿಚ್ ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿದೆ, ಬ್ರೈಸ್‌ನ ಅಂಚು 2,400ರಿಂದ 2,700 ಮೀಟರ್, ಬೌಲ್ಡರ್ ಪರ್ವತದ ರಸ್ತೆ ಸುಮಾರು 2,900 ಮೀಟರ್. ಹಿರಿಯರು ಜೊತೆಗಿದ್ದರೆ ಮೊದಲ ಎರಡು ದಿನ ನಿಧಾನವಾಗಿ ನಡೆಯಲಿ, ನೀರನ್ನು ಹೆಚ್ಚಾಗಿ ಕುಡಿಯಲಿ. ಉಸಿರಾಟದ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಲಿ.

ಹಂತ 1: ದಿನ ಮತ್ತು ಕಾಲವನ್ನು ಆರಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಭಾನುವಾರ ಇಲ್ಲಿನ ಸಣ್ಣ ಊರುಗಳಲ್ಲಿ ಅಂಗಡಿ, ಹೋಟೆಲು, ವಸ್ತುಸಂಗ್ರಹಾಲಯಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಅದು ಆರಾಧನೆಯ ಮತ್ತು ವಿಶ್ರಾಂತಿಯ ದಿನ. ಬಿಡುವಿನ ಲೆಕ್ಕ ಹಾಕಿ ಶನಿವಾರ ಹೊರಟು ಭಾನುವಾರ ಈ ಊರುಗಳಿಗೆ ತಲುಪಿದವರು ಬೀಗ ನೋಡಿ ಬರುತ್ತಾರೆ. ಸೋಮವಾರ ಅಥವಾ ಮಂಗಳವಾರ ಹೊರಟು ಭಾನುವಾರವನ್ನು ರಾಷ್ಟ್ರೀಯ ಉದ್ಯಾನಗಳಿಗೆ ಮೀಸಲಿಡಿ. ಸಣ್ಣ ವಸ್ತುಸಂಗ್ರಹಾಲಯಗಳಲ್ಲಿ ಹಲವನ್ನು ಊರಿನ ಸ್ವಯಂಸೇವಕರೇ ನಡೆಸುವುದರಿಂದ ವಾರದ ಕೆಲವೇ ದಿನ, ಕೆಲವೇ ಗಂಟೆ ತೆರೆದಿರುತ್ತವೆ. ಹಿಂದಿನ ದಿನ ಫೋನ್ ಮಾಡಿ ವಿಚಾರಿಸುವುದನ್ನು ತಪ್ಪಿಸಬೇಡಿ.

ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಮತ್ತು ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ ಅನುಕೂಲದ ಕಾಲ. ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ರಜೆಯ ಹೊತ್ತಿಗೆ ಎಫ್ರಾಯಿಮ್‌ನಲ್ಲಿ ಸ್ಕ್ಯಾಂಡಿನೇವಿಯನ್ ಪರಂಪರೆಯ ಉತ್ಸವವೂ, ಸ್ಪ್ರಿಂಗ್ ಸಿಟಿಯಲ್ಲಿ ಹಳೆಯ ಮನೆಗಳ ಒಳಗನ್ನು ತೋರಿಸುವ ಪರಂಪರೆಯ ದಿನವೂ ನಡೆಯುತ್ತವೆ. ಪ್ರವಾಸವನ್ನು ಒಂದೇ ವಾರಕ್ಕೆ ಹೊಂದಿಸಬೇಕಿದ್ದರೆ ನಾನು ಆ ವಾರವನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಜುಲೈ 24 ರಾಜ್ಯದ ರಜಾದಿನ. ಊರೂರಿನಲ್ಲಿ ಮೆರವಣಿಗೆ ಮತ್ತು ಕುದುರೆ, ಹೋರಿಗಳ ರೋಡಿಯೋ ಪಂದ್ಯಗಳು ಇರುತ್ತವೆ, ಆದರೆ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗಿರುತ್ತವೆ. ಜುಲೈನಿಂದ ಸೆಪ್ಟೆಂಬರ್ ಆರಂಭದವರೆಗೆ ಮಧ್ಯಾಹ್ನದ ಗುಡುಗು ಮಳೆಯಿಂದ ಇಕ್ಕಟ್ಟಾದ ಕಣಿವೆಗಳಲ್ಲಿ ದಿಢೀರ್ ಪ್ರವಾಹ ಬರುತ್ತದೆ. ತಲೆಯ ಮೇಲೆ ಬಿಸಿಲಿದ್ದರೂ ದೂರದಲ್ಲಿ ಸುರಿದ ಮಳೆಯ ನೀರು ನುಗ್ಗಿಬರಬಲ್ಲುದು.

ಹಂತ 2: ವಿಳಾಸ ಓದಲು ಮತ್ತು ಕೆಲವು ಪದಗಳನ್ನು ಅರಿಯಲು ಕಲಿಯಿರಿ

ಇಲ್ಲಿನ ವಿಳಾಸಗಳು ಮೊದಲ ನೋಟಕ್ಕೆ ಗೊಂದಲ ಹುಟ್ಟಿಸುತ್ತವೆ. ‘100 ನಾರ್ತ್ 200 ಈಸ್ಟ್’ ಎಂದರೆ ಊರಿನ ನಡುಬಿಂದುವಿನಿಂದ ಉತ್ತರಕ್ಕೆ ಒಂದು ಬೀದಿ, ಪೂರ್ವಕ್ಕೆ ಎರಡು ಬೀದಿ ಎಂದು ಅರ್ಥ. ಇದನ್ನು ಅರಿತರೆ ಯಾವ ಊರಿನಲ್ಲಿಯೂ ದಾರಿ ತಪ್ಪುವುದಿಲ್ಲ. ಮೊದಲ ನೆಲೆಗಾರರು ಪ್ರತಿ ಊರನ್ನೂ ಹೀಗೆ ಚೌಕಾಕಾರದ ಮನೆಕಟ್ಟುಗಳಾಗಿ, ಅಗಲವಾದ ಬೀದಿಗಳಾಗಿ ಅಳೆದು ಹಂಚಿದರು. ಮನೆಗಳೆಲ್ಲ ಊರೊಳಗೆ, ಹೊಲಗಳೆಲ್ಲ ಊರಾಚೆ. ಬೀದಿಯ ಬದಿಯಲ್ಲಿ ಹರಿಯುವ ಕಾಲುವೆಯ ನೀರು ಬೆಟ್ಟದ ಹಿಮ ಕರಗಿ ಬಂದದ್ದು. ಯಾವ ಮನೆಯ ತೋಟಕ್ಕೆ ಯಾವ ಹೊತ್ತಿನಲ್ಲಿ ನೀರು ಎಂಬುದಕ್ಕೆ ಸರದಿ ಇರುತ್ತದೆ. ನಾಲೆಯ ನೀರಿಗಾಗಿ ಸರದಿ ಕಾದು ಬೆಳೆದವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ.

‘ಟೆಂಪಲ್’ ಎಂಬ ಪದವನ್ನು ದೇವಸ್ಥಾನ ಎಂದುಕೊಂಡು ಒಳಗೆ ಹೋಗಲು ಹೊರಡಬೇಡಿ. ಟೆಂಪಲ್ಲಿನೊಳಗೆ ಮಾರ್ಮನ್ ಧರ್ಮಸಭೆಯ ಅರ್ಹ ಸದಸ್ಯರಿಗೆ ಮಾತ್ರ ಪ್ರವೇಶ. ಆವರಣದ ತೋಟದಲ್ಲಿ ಯಾರಾದರೂ ನಡೆದಾಡಬಹುದು. ಭಾನುವಾರದ ಸಾಮೂಹಿಕ ಪ್ರಾರ್ಥನೆ ನಡೆಯುವ ‘ಚಾಪೆಲ್’ ಬೇರೆ. ಅಲ್ಲಿ ಎಲ್ಲರಿಗೂ ಸ್ವಾಗತವಿದೆ. ‘ವಾರ್ಡ್’ ಎಂದರೆ ಒಂದು ಬಡಾವಣೆಯ ಭಕ್ತರ ಸಭೆ, ‘ಬಿಷಪ್’ ಎಂದರೆ ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುವ ಸ್ಥಳೀಯ ಮುಖ್ಯಸ್ಥ. ‘ಟೈಥಿಂಗ್’ ಎಂದರೆ ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆ. ನಗದು ವಿರಳವಾಗಿದ್ದ ಕಾಲದಲ್ಲಿ ಅದು ಧಾನ್ಯ, ಬೆಣ್ಣೆ, ಮೊಟ್ಟೆಗಳ ರೂಪದಲ್ಲಿ ಸಲ್ಲುತ್ತಿತ್ತು, ಹಳೆಯ ಕಣಜಗಳನ್ನು ನೋಡುವಾಗ ಇದು ನೆನಪಿರಲಿ. ತಮ್ಮನ್ನು ‘ಮಾರ್ಮನ್’ ಎನ್ನದೆ ಧರ್ಮಸಭೆಯ ಪೂರ್ಣ ಹೆಸರಿನಿಂದ (‘ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’) ಕರೆಯಬೇಕೆಂದು 2018ರಿಂದ ಅವರ ಮುಖ್ಯಸ್ಥರು ಕೇಳಿಕೊಂಡಿದ್ದಾರೆ; ಮಾತಿನಲ್ಲಿ ‘ಲ್ಯಾಟರ್ ಡೇ ಸೇಂಟ್ಸ್’ ಎಂದರೆ ಸಾಕು, ಅವರಿಗೆ ಸಂತೋಷವಾಗುತ್ತದೆ.

ಹಂತ 3: ಸ್ಯಾನ್‌ಪೀಟ್ ಕಣಿವೆಗೆ ಒಂದೂವರೆ ದಿನ ಕೊಡಿ

ಸ್ಪ್ಯಾನಿಶ್ ಫೋರ್ಕ್ ಕಣಿವೆಯೊಳಗೆ ಸಾಗಿ 89ಕ್ಕೆ ತಿರುಗಿದ ಕೂಡಲೇ ಥಿಸಲ್ ಎಂಬ ಊರಿನ ಅವಶೇಷ ಸಿಗುತ್ತದೆ. 1983ರ ಏಪ್ರಿಲ್‌ನಲ್ಲಿ ಗುಡ್ಡ ಜರಿದು ನದಿಗೆ ಅಡ್ಡಲಾಗಿ ನಿಂತಾಗ ಹಿಂದಕ್ಕೆ ಏರಿದ ನೀರಿನಲ್ಲಿ ಊರು ಮುಳುಗಿತು. ರಸ್ತೆಯ ಬದಿಯಿಂದಲೇ ನೋಡಿ. ಆ ಜಾಗಗಳು ಖಾಸಗಿಯವು.

ಫೇರ್‌ವ್ಯೂನಿಂದ ಮ್ಯಾಂಟಿಯವರೆಗಿನ ಕಣಿವೆಗೆ ‘ಲಿಟಲ್ ಡೆನ್ಮಾರ್ಕ್’ ಎಂಬ ಹೆಸರಿದೆ. 1850ರಲ್ಲಿ ಡೆನ್ಮಾರ್ಕ್‌ನಲ್ಲಿ ಧರ್ಮಪ್ರಚಾರ ಆರಂಭವಾದ ಮೇಲೆ ಅಲ್ಲಿಂದ, ಸ್ವೀಡನ್ ಮತ್ತು ನಾರ್ವೆಗಳಿಂದ ಬಂದ ಕುಟುಂಬಗಳಲ್ಲಿ ಬಹಳಷ್ಟು ಇಲ್ಲಿ ನೆಲೆಯೂರಿದವು. ದಾರಿಖರ್ಚಿಗೆ ಹಣವಿಲ್ಲದವರಿಗೆ ಧರ್ಮಸಭೆಯ ವಲಸೆ ನಿಧಿ ಸಾಲ ಕೊಡುತ್ತಿತ್ತು. ಬಂದವರು ದುಡಿದು ತೀರಿಸಿದರೆ ಅದೇ ಹಣದಲ್ಲಿ ಮುಂದಿನವರು ಹಡಗು ಹತ್ತುತ್ತಿದ್ದರು. ಊರಿನ ಸ್ಮಶಾನಕ್ಕೆ ಹೋಗಿ ಅರ್ಧ ಗಂಟೆ ಕಲ್ಲುಗಳನ್ನು ಓದಿ. ‘ಸೆನ್’ ಎಂದು ಮುಗಿಯುವ ಹೆಸರುಗಳು ಸಾಲುಸಾಲಾಗಿವೆ. ಒಂದೇ ಹೆಸರಿನವರು ಹಲವರಿದ್ದುದರಿಂದ ಜನ ಅಡ್ಡಹೆಸರುಗಳಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಸ್ಪ್ರಿಂಗ್ ಸಿಟಿಗೆ ಕೊಡಿ. ಇದು 89ರಿಂದ ಸ್ವಲ್ಪ ಒಳಗಿದೆ, ಹೆದ್ದಾರಿಯನ್ನೇ ಹಿಡಿದು ಹೋದವರು ತಮಗೆ ಅರಿವಿಲ್ಲದೆಯೇ ಇದನ್ನು ದಾಟಿಬಿಡುತ್ತಾರೆ. ಒಂದೆರಡು ಕಟ್ಟಡಗಳನ್ನಷ್ಟೇ ಅಲ್ಲದೆ ಇಡೀ ಊರನ್ನೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಗಿದೆ. ಕಾರು ನಿಲ್ಲಿಸಿ ನಡೆಯುತ್ತಾ ಮೂರು ಸಂಗತಿಗಳನ್ನು ಹುಡುಕಿ. ಮೊದಲನೆಯದು, ನಡುವೆ ಬಾಗಿಲು ಮತ್ತು ಎರಡೂ ಕಡೆ ಸಮನಾದ ಕೋಣೆಗಳಿರುವ ‘ಪೇರ್ ಹೌಸ್’, ಅಂದರೆ ಸ್ಕ್ಯಾಂಡಿನೇವಿಯಾದ ಹಳ್ಳಿಗಳಿಂದ ಮನಸ್ಸಿನಲ್ಲೇ ಹೊತ್ತು ತಂದ ಮನೆಯ ವಿನ್ಯಾಸ. ಎರಡನೆಯದು, ಆಧಾರದ ಕಂಬಗಳು ಹೊರಗೆ ಕಾಣುವಂತೆ, ಹಲಗೆಗಳನ್ನು ಒಳಮೈಗೆ ಹೊಡೆದ ಮರದ ಕಣಜಗಳು. ತುಂಬಿದ ಧಾನ್ಯ ಹಲಗೆಗಳನ್ನು ಕಂಬಗಳ ಕಡೆಗೆ ಒತ್ತುವುದರಿಂದ ಮೊಳೆಗಳು ಕಿತ್ತುಬರುವುದಿಲ್ಲ, ಒಳಗಿನ ಗೋಡೆ ನುಣುಪಾಗಿರುವುದರಿಂದ ಕಾಳು ಮೂಲೆಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಮೂರನೆಯದು, ಬೆಣ್ಣೆ ಬಣ್ಣದ ಸುಣ್ಣಕಲ್ಲಿನ ಗೋಡೆಗಳಲ್ಲಿರುವ ಉಳಿಯ ಗುರುತುಗಳು. ಈ ಮನೆಗಳಲ್ಲಿ ಇಂದಿಗೂ ಜನ ಇದ್ದಾರೆ, ಕೆಲವರು ಚಿತ್ರಕಾರರು, ಕುಂಬಾರಿಕೆ ಮಾಡುವವರು. ಬೀದಿಯಿಂದ ನೋಡುವುದಕ್ಕೂ ಫೋಟೊ ತೆಗೆಯುವುದಕ್ಕೂ ಯಾರ ಆಕ್ಷೇಪವೂ ಇರದು, ಅಂಗಳಕ್ಕೆ ಕಾಲಿಡುವ ಮುನ್ನ ಕೇಳಲೇಬೇಕು.

ಎಫ್ರಾಯಿಮ್‌ನಲ್ಲಿ 1870ರ ದಶಕದ ಆರಂಭದ ಸಹಕಾರಿ ಅಂಗಡಿಯ ಕಲ್ಲಿನ ಕಟ್ಟಡವನ್ನೂ, ಅದರ ಪಕ್ಕದಲ್ಲಿ ಈಗ ಕಲಾಕೇಂದ್ರವಾಗಿರುವ ಹಳೆಯ ಕಣಜವನ್ನೂ ನೋಡಿ. ಮ್ಯಾಂಟಿಯ ಟೆಂಪಲ್ ಹತ್ತಾರು ಕಿ.ಮೀ. ದೂರದಿಂದಲೇ ಕಾಣುತ್ತದೆ. 1877ರಲ್ಲಿ ಆರಂಭಿಸಿ 1888ರಲ್ಲಿ ಮುಗಿಸಿದ ಈ ಕಟ್ಟಡದ ಕಲ್ಲೆಲ್ಲ ಅದು ನಿಂತಿರುವ ಗುಡ್ಡದ್ದೇ. ಸಂಜೆಯ ಬೆಳಕಿನಲ್ಲಿ ಅದನ್ನು ಸುತ್ತಿ ಬನ್ನಿ. ಇಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುತ್ತಿದ್ದ ದೊಡ್ಡ ಬಯಲು ನಾಟಕೋತ್ಸವ 2019ಕ್ಕೆ ನಿಂತಿದೆ. ಹಳೆಯ ಮಾರ್ಗದರ್ಶಿ ಪುಸ್ತಕಗಳನ್ನು ನಂಬಿ ಅದಕ್ಕೆಂದು ಹೋಗಬೇಡಿ.

ಮ್ಯಾಂಟಿಗೆ 1849ರಲ್ಲಿ ನೆಲೆಗಾರರು ಬಂದದ್ದು ಯೂಟ್ ನಾಯಕ ವಾಕರನ ಆಹ್ವಾನದ ಮೇರೆಗೆ. ಕೆಲವೇ ವರ್ಷಗಳಲ್ಲಿ ಹುಲ್ಲುಗಾವಲು, ಬೇಟೆ, ನೀರುಗಳೆಲ್ಲ ನೆಲೆಗಾರರ ಪಾಲಾಗಿ 1853ರಲ್ಲೊಮ್ಮೆ, 1865ರಿಂದ 1872ರವರೆಗೆ ಇನ್ನೊಮ್ಮೆ ಕಾದಾಟಗಳು ನಡೆದವು. ಊರುಗಳಲ್ಲಿನ ಸ್ಮಾರಕ ಫಲಕಗಳನ್ನು ಓದುವಾಗ ಅದನ್ನು ಬರೆಸಿದವರು ಯಾರು, ಯಾವ ವರ್ಷ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಘಟನೆಯನ್ನು ಹಳೆಯ ಫಲಕ ಮತ್ತು ಹೊಸ ಫಲಕ ಹೇಳುವ ರೀತಿಯಲ್ಲಿ ಬಹಳ ಅಂತರವಿರುತ್ತದೆ.

ಹಂತ 4: ಸೆವಿಯರ್ ಕಣಿವೆ ದಾಟಿ 24ನೇ ಹೆದ್ದಾರಿಗೆ ತಿರುಗಿ

ಸಲೈನಾದ ಬಳಿಯಿಂದ 89ನೇ ಹೆದ್ದಾರಿ ಸ್ವಲ್ಪ ದೂರ 70ನೇ ಅಂತರರಾಜ್ಯ ಹೆದ್ದಾರಿಯೊಡನೆ ಒಂದಾಗಿ ಸಾಗುತ್ತದೆ. ರಿಚ್‌ಫೀಲ್ಡ್ ರಾತ್ರಿ ತಂಗಲು ಅನುಕೂಲದ ಊರು; ಆಹಾರ ಸಾಮಗ್ರಿಯನ್ನು ಇಲ್ಲೇ ಕೊಂಡುಕೊಳ್ಳಿ, ಮುಂದೆ ದೊಡ್ಡ ಅಂಗಡಿಗಳಿಲ್ಲ. ಸಮಯವಿದ್ದರೆ ಇಲ್ಲಿಂದ ನೈರುತ್ಯಕ್ಕಿರುವ ಫ್ರಿಮಾಂಟ್ ಇಂಡಿಯನ್ ರಾಜ್ಯ ಉದ್ಯಾನಕ್ಕೆ ಹೋಗಿಬನ್ನಿ. 1983ರಲ್ಲಿ ಈ ಅಂತರರಾಜ್ಯ ಹೆದ್ದಾರಿಯನ್ನು ಕಟ್ಟುವಾಗ ಪತ್ತೆಯಾದ ಪ್ರಾಚೀನ ಫ್ರಿಮಾಂಟ್ ಜನರ ಹಳ್ಳಿಯೊಂದರ ವಸ್ತುಗಳು ಅಲ್ಲಿವೆ. ಆ ಹಳ್ಳಿಯಿದ್ದ ದಿಣ್ಣೆಯ ಮಣ್ಣು ಮಾತ್ರ ರಸ್ತೆಗೆ ಹೋಗಿದೆ.

ಇಲ್ಲಿಂದ 89ರಲ್ಲೇ ನೇರ ಕೆಳಗಿಳಿಯದೆ 24ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಟೋರಿಗೆ ಹೋಗಿ, 12ರಲ್ಲಿ ಹಿಂದಿರುಗಿ ಪ್ಯಾಂಗ್ವಿಚ್ ಬಳಿ ಮತ್ತೆ 89ನ್ನು ಸೇರುವುದು ನಾನು ಸೂಚಿಸುವ ದಾರಿ.

ಹಂತ 5: ಫ್ರೂಟಾದ ಹಣ್ಣಿನ ತೋಟಗಳು

ಟೋರಿಯಿಂದ ಸುಮಾರು 20 ಕಿ.ಮೀ. ಪೂರ್ವಕ್ಕೆ, ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದೊಳಗೆ ಫ್ರೂಟಾ ಎಂಬ ಹಳ್ಳಿ ಇತ್ತು. 1880ರ ದಶಕದಲ್ಲಿ ಬಂದ ಹತ್ತರಷ್ಟು ಕುಟುಂಬಗಳು ಫ್ರಿಮಾಂಟ್ ನದಿಯ ನೀರನ್ನು ಹರಿಸಿಕೊಂಡು ಸೇಬು, ಪೀಚ್, ಚೆರಿ, ಏಪ್ರಿಕಾಟ್ ಬೆಳೆದವು. ಜನ ಹೋದರೂ ಮರಗಳಿಗೆ ಉದ್ಯಾನದವರು ಇಂದಿಗೂ ನೀರುಣಿಸುತ್ತಿದ್ದಾರೆ. ಹಣ್ಣು ಬಿಟ್ಟ ಕಾಲದಲ್ಲಿ, ಕೊಯ್ಲಿಗೆ ತೆರೆದಿದೆ ಎಂಬ ಫಲಕವಿರುವ ತೋಟದೊಳಗೆ ಎಷ್ಟು ತಿಂದರೂ ಹಣವಿಲ್ಲ. ಹೊರಗೆ ಒಯ್ಯುವುದನ್ನು ತೂಗಿ ಹಣ ಕೊಡಬೇಕು. 1896ರ ಒಂದೇ ಕೋಣೆಯ ಶಾಲೆಯನ್ನು ಕಿಟಕಿಯಿಂದ ನೋಡಬಹುದು. ಗಿಫರ್ಡ್ ಮನೆಯಲ್ಲಿ ಮಾರುವ ಹಣ್ಣಿನ ಪೈ ಬೇಗ ಮುಗಿದುಹೋಗುತ್ತದೆ, ಬೆಳಿಗ್ಗೆಯೇ ಹೋಗಿ.

ಹೆದ್ದಾರಿಯ ಬದಿಯ ಬಂಡೆಗಳಲ್ಲಿ ಫ್ರಿಮಾಂಟ್ ಜನರು ಕೊರೆದ ಚಿತ್ರಗಳಿವೆ. ಕ್ಯಾಪಿಟಲ್ ಗಾರ್ಜ್ ಎಂಬ ಇಕ್ಕಟ್ಟಿನ ಕಣಿವೆಯ ಗೋಡೆಯಲ್ಲಿ ಗಾಡಿಗಳಲ್ಲಿ ಹಾದುಹೋದ ನೆಲೆಗಾರರು ಕೆತ್ತಿದ ಹೆಸರುಗಳಿವೆ. ಇವುಗಳ ಪಕ್ಕದಲ್ಲಿ ನಿಮ್ಮ ಹೆಸರನ್ನು ಗೀಚಿದರೆ ಅದು ಅಪರಾಧ. ಮುಟ್ಟುವುದೂ ಬೇಡ, ಬೆರಳಿನ ಎಣ್ಣೆಯಂಶವೂ ಕಲ್ಲಿಗೆ ಕೇಡು.

ಹಂತ 6: 12ನೇ ಹೆದ್ದಾರಿಯನ್ನು ಹಗಲಿನಲ್ಲೇ ದಾಟಿ

ಟೋರಿಯಿಂದ 89ರವರೆಗೆ ಸುಮಾರು 200 ಕಿ.ಮೀ. ಉದ್ದದ ಈ ರಸ್ತೆಗೆ ಸುಂದರ ಹೆದ್ದಾರಿಗಳಿಗೆ ಸಲ್ಲುವ ಅತ್ಯುನ್ನತ ಮಾನ್ಯತೆಯಾದ ‘ಆಲ್ ಅಮೆರಿಕನ್ ರೋಡ್’ ಎಂಬ ಹೆಸರು 2002ರಲ್ಲಿ ದೊರೆಯಿತು. ಬೌಲ್ಡರ್ ಪರ್ವತದ ಮೇಲೆ ಜಿಂಕೆಗಳೂ, ಮೇಯಲು ಬಿಟ್ಟ ದನಗಳೂ ಮುಸ್ಸಂಜೆಯಲ್ಲಿ ರಸ್ತೆಗೆ ಬರುತ್ತವೆ. ಬೌಲ್ಡರ್ ಮತ್ತು ಎಸ್ಕಲಾಂಟೆ ನಡುವೆ ‘ಹಾಗ್‌ಬ್ಯಾಕ್’ ಎಂಬಲ್ಲಿ ರಸ್ತೆ ಬಂಡೆಯ ಏಣಿನ ಮೇಲೆ ಎರಡೂ ಕಡೆ ಪ್ರಪಾತವಿರುವಂತೆ ಸಾಗುತ್ತದೆ. ಕತ್ತಲಾದ ಮೇಲೆ ಇಲ್ಲಿ ಓಡಿಸುವ ಯೋಜನೆ ಖಂಡಿತ ಬೇಡ.

ಬೌಲ್ಡರ್‌ಗೆ 1930ರ ದಶಕದಲ್ಲಿಯೂ ಹೇಸರಗತ್ತೆಗಳ ಬೆನ್ನಿನ ಮೇಲೆ ಅಂಚೆ ಬರುತ್ತಿತ್ತು. ಅಲ್ಲಿರುವ ಅನಸಾಜಿ ರಾಜ್ಯ ಉದ್ಯಾನದ ವಸ್ತುಸಂಗ್ರಹಾಲಯ, ಸುಮಾರು ಎಂಟು ಶತಮಾನಗಳ ಹಿಂದೆ ಜನ ಬಿಟ್ಟುಹೋದ ಹಳ್ಳಿಯ ನೆಲೆಯ ಮೇಲೆಯೇ ಇದೆ. ‘ಅನಸಾಜಿ’ ಎಂಬ ಹಳೆಯ ಪದವನ್ನು ಆ ಜನರ ವಂಶಸ್ಥರು ಒಪ್ಪುವುದಿಲ್ಲ, ಮಾತಿನಲ್ಲಿ ‘ಪ್ಯೂಬ್ಲೋ ಜನರ ಪೂರ್ವಜರು’ ಎನ್ನುವುದು ಸರಿ.

ಎಸ್ಕಲಾಂಟೆಯಲ್ಲಿ ‘ಹೋಲ್ ಇನ್ ದ ರಾಕ್’ ಯಾತ್ರೆಯ ಕಥೆ ಹೇಳುವ ಪರಂಪರಾ ಕೇಂದ್ರಕ್ಕೆ ಒಂದು ಗಂಟೆ ಕೊಡಿ. ಆಗ್ನೇಯ ಯೂಟಾದಲ್ಲಿ ಹೊಸ ಊರು ಕಟ್ಟಲು 1879ರ ಕೊನೆಯಲ್ಲಿ ಹೊರಟ ಸುಮಾರು 250 ಜನ ಆರು ವಾರಗಳಲ್ಲಿ ತಲುಪುವ ಲೆಕ್ಕ ಹಾಕಿದ್ದರು. ಕೊಲರಾಡೊ ನದಿಯ ಕಡಿದಾದ ಬಂಡೆಯಲ್ಲಿದ್ದ ಬಿರುಕನ್ನು ಚಳಿಗಾಲವಿಡೀ ಸಿಡಿಮದ್ದಿನಿಂದ ಅಗಲಿಸಿ, ಗಾಡಿಗಳಿಗೆ ಹಗ್ಗ ಕಟ್ಟಿ ಹಿಂದಿನಿಂದ ಹಿಡಿದುಕೊಂಡು ಇಳಿಸಿದರು. 1880ರ ಏಪ್ರಿಲ್‌ನಲ್ಲಿ ಬ್ಲಫ್ ಎಂಬಲ್ಲಿಗೆ ಬಂದು ನಿಂತಾಗ ಆರು ತಿಂಗಳಾಗಿತ್ತು. ಅವರ ಜಾಡಿನ ಮಣ್ಣಿನ ರಸ್ತೆ ಎಸ್ಕಲಾಂಟೆಯ ಪೂರ್ವಕ್ಕೆ ಹೆದ್ದಾರಿಯಿಂದ ಕವಲೊಡೆಯುತ್ತದೆ. ಆ ರಸ್ತೆ 80 ಕಿ.ಮೀ.ಗಿಂತಲೂ ಉದ್ದ, ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಮಳೆ ಬಿದ್ದರೆ ಜೇಡಿಮಣ್ಣಿನಲ್ಲಿ ಚಕ್ರ ಹೂತುಹೋಗುತ್ತದೆ. ಸಾಮಾನ್ಯ ಕಾರಿನಲ್ಲಿ ಹೋಗಬೇಡಿ.

ಬ್ರೈಸ್ ಕಣಿವೆಗೆ ಆ ಹೆಸರು ಬಂದದ್ದು 1870ರ ದಶಕದಲ್ಲಿ ಅದರ ಬುಡದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಬಡಗಿ ಎಬೆನೀಜರ್ ಬ್ರೈಸ್ ಅವರಿಂದ. ಕಣಿವೆಯ ಬಗ್ಗೆ ಮಾಹಿತಿ ಎಲ್ಲೆಡೆ ಸಿಗುತ್ತದೆ, ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಪ್ರವೇಶ ಶುಲ್ಕದಲ್ಲಿ ಅಮೆರಿಕದ ನಿವಾಸಿಗಳಿಗೂ ಹೊರದೇಶದ ಪ್ರವಾಸಿಗರಿಗೂ ಈಗ ವ್ಯತ್ಯಾಸವಿರುವುದರಿಂದ ಊರಿನಿಂದ ಬಂದ ಹಿರಿಯರು ಜೊತೆಗಿದ್ದರೆ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ದರ ನೋಡಿಕೊಂಡೇ ಹೋಗಿ.

ಹಂತ 7: ಪ್ಯಾಂಗ್ವಿಚ್ ಮತ್ತು ಸರ್ಕಲ್‌ವಿಲ್

ಕೆಂಪು ಇಟ್ಟಿಗೆಯ ಮನೆಗಳ ಪ್ಯಾಂಗ್ವಿಚ್‌ಗೆ 1864ರಲ್ಲಿ ಬಂದವರ ಬೆಳೆ ಮೊದಲ ವರ್ಷವೇ ಹಿಮಕ್ಕೆ ಹಾಳಾಯಿತು. ಹಸಿವೆ ತಾಳದೆ ಏಳು ಜನ ಗಂಡಸರು ಬೆಟ್ಟದಾಚೆಯ ಪರೋವನ್‌ಗೆ ಹಿಟ್ಟು ತರಲು ಹೊರಟರು. ಆಳವಾದ ಹಿಮದಲ್ಲಿ ಕಾಲು ಹೂತುಹೋಗುತ್ತಿದ್ದಾಗ, ಪ್ರಾರ್ಥನೆಗೆ ಮಂಡಿಯೂರಲು ಹಾಸಿದ ಕೌದಿಯ ಮೇಲೆ ತಾವು ಮುಳುಗುತ್ತಿಲ್ಲವೆಂಬುದನ್ನು ಕಂಡುಕೊಂಡು, ಒಂದರ ಮುಂದೊಂದು ಕೌದಿ ಹಾಸುತ್ತಾ ಬೆಟ್ಟ ದಾಟಿದರೆಂದು ಊರಿನವರು ಹೇಳುತ್ತಾರೆ. ಜೂನ್‌ನಲ್ಲಿ ಈ ನೆನಪಿನ ಉತ್ಸವ ನಡೆಯುತ್ತದೆ. ಆಗ ಪ್ರದರ್ಶನಕ್ಕಿಡುವ ಕೌದಿಗಳನ್ನು, ಕೈಹೊಲಿಗೆಯ ಕೌದಿಯಡಿ ಮಲಗಿ ಬೆಳೆದ ನಮ್ಮವರು ತಪ್ಪದೆ ನೋಡಬೇಕು.

ಇಲ್ಲಿಂದ ಉತ್ತರಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ ಸರ್ಕಲ್‌ವಿಲ್ ಇದೆ. ಊರಿಗೆ ಮುನ್ನ ಸಿಗುವ ಮರದ ದಿಮ್ಮಿಗಳ ಗುಡಿಸಲು ರೈಲು ದರೋಡೆಗಾರ ಬುಚ್ ಕ್ಯಾಸಿಡಿ ಬಾಲ್ಯ ಕಳೆದ ಮನೆ. ಪ್ರವಾಸಿಗರ ಕಾರುಗಳೆಲ್ಲ ಅಲ್ಲಿ ನಿಂತು ಹಿಂದಿರುಗುತ್ತವೆ. ನೀವು ಊರೊಳಗಿನ ಉದ್ಯಾನದವರೆಗೂ ಹೋಗಿ. 1866ರ ಏಪ್ರಿಲ್‌ನಲ್ಲಿ ಇಲ್ಲಿನ ನೆಲೆಗಾರರು ತಾವು ಸೆರೆಹಿಡಿದಿದ್ದ ಪೈಯೂಟ್ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದರು. 150 ವರ್ಷಗಳ ನಂತರ, 2016ರಲ್ಲಿ, ಅವರಿಗೊಂದು ಸ್ಮಾರಕ ನಿಂತಿತು. ಈ ದಾರಿಯ ಪರಂಪರೆಯನ್ನು ನೋಡಲೆಂದು ಬಂದವರು ಗುಡಿಸಲನ್ನು ನೋಡದೆ ಹೋದರೂ ಚಿಂತೆಯಿಲ್ಲ, ಈ ಕಲ್ಲಿನ ಮುಂದೆ ನಿಲ್ಲದೆ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 8: ಆರ್ಡರ್‌ವಿಲ್‌ನಿಂದ ಪೈಪ್ ಸ್ಪ್ರಿಂಗ್‌ವರೆಗೆ

ಆರ್ಡರ್‌ವಿಲ್‌ನ ಹೆಸರಿನಲ್ಲೇ ಅದರ ಇತಿಹಾಸವಿದೆ. ‘ಯುನೈಟೆಡ್ ಆರ್ಡರ್’ ಎಂದರೆ ಆಸ್ತಿಯನ್ನೆಲ್ಲ ಒಟ್ಟುಗೂಡಿಸಿ ಸಮುದಾಯವಾಗಿ ಬದುಕುವ ಏರ್ಪಾಡು. 1875ರಲ್ಲಿ ಆರಂಭವಾಗಿ ಸುಮಾರು ಹತ್ತು ವರ್ಷ ಅದು ಇಲ್ಲಿ ನಡೆಯಿತು, ಮೊದಲ ಕೆಲವು ವರ್ಷ ಕುಟುಂಬಗಳು ಒಂದೇ ಭೋಜನಶಾಲೆಯಲ್ಲಿ ಉಂಡವು. ಕನಾಬ್‌ನಲ್ಲಿ 1912ರಿಂದ ಎರಡು ವರ್ಷ ಪಟ್ಟಣದ ಆಡಳಿತ ಮಂಡಲಿಯಲ್ಲಿ ಮಹಿಳೆಯರೇ ಇದ್ದರು. ಬೀದಿಯಲ್ಲಿ ಅಲೆಯುತ್ತಿದ್ದ ದನಗಳಿಗೂ ಮದ್ಯ, ಜೂಜುಗಳಿಗೂ ಅವರು ಕಟ್ಟುನಿಟ್ಟಿನ ನಿಯಮ ತಂದರು. 1894ರ ಹೆರಿಟೇಜ್ ಹೌಸ್ ತೆರೆದಿದ್ದರೆ ಒಳಗೆ ಹೋಗಿ.

ಊಟದ ವಿಷಯ. ಸಸ್ಯಾಹಾರಿಗಳು ಕೋಣೆ ಕಾದಿರಿಸುವಾಗ ಅಡುಗೆ ಸೌಕರ್ಯವಿರುವುದನ್ನೇ ನೋಡಿಕೊಂಡು ಅಕ್ಕಿ, ಬೇಳೆ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಲೇಸು. ಬೀನ್ಸ್‌ಗೆ ಹಂದಿಯ ಕೊಬ್ಬು, ಜೆಲ್ಲೊ ಸಿಹಿಗೆ ಪ್ರಾಣಿಮೂಲದ ಜೆಲಟಿನ್ ಹಾಕಿರುತ್ತಾರೆ. ‘ಮಾಂಸವಿಲ್ಲ’ ಎಂಬ ಉತ್ತರದಲ್ಲಿ ಇವು ಸೇರಿರುವುದಿಲ್ಲ, ಬಿಡಿಸಿ ಕೇಳಿ. ಇಲ್ಲಿನ ‘ಸ್ಕೋನ್’ ಎಂದರೆ ಜೇನು ಬೆಣ್ಣೆ ಸವರಿದ, ಪೂರಿಯಂತೆ ಕರಿದ ಹಿಟ್ಟು. ಅದನ್ನು ಯಾವ ಎಣ್ಣೆಯಲ್ಲಿ ಕರಿದಿದ್ದಾರೆಂದು ತಿಳಿದುಕೊಂಡು ತಿನ್ನಿ.

ಕೊನೆಯ ದಿನ ಗಡಿ ದಾಟಿ ಅರಿಜೋನಾದ ಪೈಪ್ ಸ್ಪ್ರಿಂಗ್ ರಾಷ್ಟ್ರೀಯ ಸ್ಮಾರಕಕ್ಕೆ ಹೋಗಿ. ಬೇಸಿಗೆಯಲ್ಲಿ ಯೂಟಾದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅರಿಜೋನಾದ ಹೆಚ್ಚಿನ ಭಾಗ ಹಾಗೆ ಬದಲಿಸುವುದಿಲ್ಲ. ಕೋಟೆಯನ್ನು ಮಾರ್ಗದರ್ಶಕರೊಡನೆ ನೋಡುವ ವೇಳೆಯನ್ನು ಅಲ್ಲಿನ ಗಂಟೆಗೆ ಹೊಂದಿಸಿಕೊಳ್ಳಿ. ಧರ್ಮಸಭೆಗೆ ಕಾಣಿಕೆಯಾಗಿ ಬಂದ ದನಗಳನ್ನು ಸಾಕಲು 1870ರ ದಶಕದಲ್ಲಿ ಕಟ್ಟಿದ ಈ ಕೋಟೆಯಲ್ಲಿ ಚೀಸ್ ಮತ್ತು ಬೆಣ್ಣೆ ತಯಾರಾಗಿ, ಸೇಂಟ್ ಜಾರ್ಜ್‌ನಲ್ಲಿ ಟೆಂಪಲ್ ಕಟ್ಟುತ್ತಿದ್ದ ಕೆಲಸಗಾರರಿಗೆ ಹೋಗುತ್ತಿತ್ತು. ಕೋಟೆಯನ್ನು ನೀರಿನ ಒರತೆಯ ಮೇಲೆಯೇ ಕಟ್ಟಲಾಗಿದೆ. ಅದು ಕೈಬಾಬ್ ಪೈಯೂಟರು ತಲೆಮಾರುಗಳಿಂದ ನಂಬಿಕೊಂಡಿದ್ದ ಒರತೆ. ಸ್ಮಾರಕದ ಸುತ್ತಲಿನ ನೆಲ ಇಂದು ಅವರ ಮೀಸಲು ಪ್ರದೇಶ, ಸಂದರ್ಶಕರ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ಅವರ ಪಾಲೂ ಇದೆ. ಮೊದಲು ಆ ವಸ್ತುಸಂಗ್ರಹಾಲಯವನ್ನು ನೋಡಿ, ಆನಂತರ ಕೋಟೆಯೊಳಗೆ ಹೋಗಿ.